ಗಾಳಿಗೊಂದು ದಾರಿ

ನನ್ನ ಮೊದಲ ರಾತ್ರಿಪಾಳಿಯಲ್ಲಿ
ಅರವತ್ತು ಪಂಪ್ ಬಾಡಿ ಸುರಿದೆವು.
ನಲವತ್ತೆರಡು ಹಾಳಾದವು.

ಉದ್ಯಮಬಾಗದ ಆ ಶೆಡ್ಡಿಗೆ
ಬೆಳಗಿನ ಜಾವ ಬೆಳಕಿಗಿಂತ ಮೊದಲು
ಖಾನಾಪುರ ರಸ್ತೆಯ ಮಂಜು ಬರುತ್ತದೆ,
ಅದರ ಹಿಂದೆಯೇ ಮಾಲಕರ ಫೋನು.
ಮರಳು ಉದುರಿಸಿ ನೋಡಿದರೆ
ಕಬ್ಬಿಣದ ಮೈತುಂಬ ಸಿಡುಬಿನ ಕಲೆಯಂಥ ತೂತು.
ಬಾಹುಬಲಿ ಚೌಗಲೆ ಒಂದೊಂದನ್ನೂ ಹೊರಳಿಸಿ
ಸೀಮೆಸುಣ್ಣ ಎಳೆಯುತ್ತ ಹೋದ,
ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ,
ಒಂದು ಸಲವೂ ನನ್ನ ಮುಖ ನೋಡಲಿಲ್ಲ.
ನೋಡಿ ನಕ್ಕಿದ್ದರೂ ನಡೆಯುತ್ತಿತ್ತು.

ಎಂಟು ವರ್ಷ ಮರಳು ಪರೀಕ್ಷೆಯ ಕೋಣೆಯಲ್ಲಿ
ಹಳದಿ ಹೆಲ್ಮೆಟ್ಟು ಹೊತ್ತವಳು ನಾನು;
ಬಿಳಿಯದು ತಲೆಗೇರಿ ಒಂದು ದಿನ.
ಪಾಳಿಯ ಮೊದಲಿಗೆ ಹುಡುಗರಿಗೆ ಹೇಳಿದ್ದೆ:
"ಗಟ್ಟಿ ಬಡೀರಿ. ಇವತ್ತ ಒಂದೂ ಹೋಗಬಾರದು."
ಬಡಿದರು. ಪಕ್ಕಕ್ಕೆ ನಿಂತು ಇನ್ನೂ ಬಡಿಸಿದೆ,
ಅಚ್ಚು ಕಲ್ಲಾಗುವ ತನಕ.
ಗಟ್ಟಿಯಾದದ್ದೇ ತಾಳುತ್ತದೆ ಎಂದು
ಯಾರು ಕಲಿಸಿದ್ದರೋ ನನಗೆ.

ಭರಮಾ ಕಾಕಾ ಬೈಯಲಿಲ್ಲ,
ಸಮಾಧಾನವನ್ನೂ ಹೇಳಲಿಲ್ಲ.
ಮೂವತ್ತಾರು ವರ್ಷ ಕುಲುಮೆಯ ಮುಂದೆ ನಿಂತು
ಹುಬ್ಬು ಸುಟ್ಟುಹೋದ ಮುಖ;
ಏನಿದೆ ಅದರಲ್ಲಿ, ಓದುವುದು ಕಷ್ಟ.
ತಂಬಾಕು ಉಗುಳಿ ಬಂದು
ಹಿಡಿ ಮರಳು ನನ್ನ ಅಂಗೈಗಿಟ್ಟ.
"ಹಿಚಕ್ರಿ. ಬಿಡ್ರಿ. ನಿಂತೈತಿಲ್ಲೋ?
ಬೆರಳಿನ ಗುರುತು ಉಳಿಯೂವಷ್ಟು ಗಟ್ಟಿ,
ಉಸರು ಹೋಗೂವಷ್ಟು ಸಡ್ಲ. ಅಷ್ಟ."

ಆಮೇಲೆ ಸೈಕಲ್ಲಿನ ಹಳೇ ಕಡ್ಡಿಯೊಂದು ತೆಗೆದು
(ತುದಿ ಮಸೆದದ್ದು, ಹಿಡಿಗೆ ಬಟ್ಟೆ ಸುತ್ತಿದ್ದು)
ಅಚ್ಚಿನ ಬೆನ್ನಿಗೆ ಚುಚ್ಚಿದ, ಏಳು ಕಡೆ.
"ಕಾದ ಕಬ್ಬಣ ಒಳಗ ಬಂತಂದ್ರ
ಮರಳಿನ್ಯಾಗಿನ ನೀರು ಉಗಿ ಆಗತೈತ್ರಿ ಬಾಯಾರ.
ಅದಕ್ಕ ಹೊರಗ ಹೋಗಾಕ ದಾರಿ ಬೇಕು.
ನೀವು ಕೊಡಲಿಲ್ಲಂದ್ರ
ಕಬ್ಬಣದಾಗ ಮನಿ ಮಾಡತೈತಿ."

ಫೋನು ಎತ್ತಿದೆ.
ಹುಡುಗರದಲ್ಲ, ಮರಳಿನದಲ್ಲ, ನನ್ನದು ಅಂದೆ.
ಆ ಕಡೆ ಸುಮಾರು ಹೊತ್ತು ಏನೂ ಕೇಳಿಸಲಿಲ್ಲ.
ಈ ಕಡೆ ಸೀಮೆಸುಣ್ಣದ ಸಪ್ಪಳ ನಿಂತಿತ್ತು.

"ರಿಜೆಕ್ಟ್ ಅಂತ ಬರೀಬ್ಯಾಡ್ರಿ," ಅಂದ ಕಾಕಾ,
"ನಾಳಿ ಚಾರ್ಜು ಅಂತ ಬರೀರಿ."
ಹಾಗೆ ಬರೆದರೆ ಅಕೌಂಟ್ಸಿನವರು ಒಪ್ಪುವುದಿಲ್ಲ,
ಕರೆಂಟಿನ ಬಿಲ್ಲೂ ಒಪ್ಪುವುದಿಲ್ಲ.
ಆದರೂ ಸಂಜೆ ಮತ್ತೆ ಬಂದು ನೋಡಿದೆ:
ಅಡ್ಡಗೆರೆಯ ಸಮೇತ ಕುಲುಮೆಗೆ ಬಿದ್ದವು,
ಸುಣ್ಣ ಮೊದಲು ಹೋಯಿತು,
ಆಮೇಲೆ ತೂತು,
ಆಮೇಲೆ ಪಂಪು ಅನ್ನುವ ಆಕಾರ.
ಉಳಿದದ್ದು ಕೆಂಪಗೆ, ಸಲೀಸಾಗಿ ಹರಿಯಿತು.

ಎರಡನೆಯ ರಾತ್ರಿ ಬಡಿಯುವ ಮೊದಲು
ಚಹಾ ತರಿಸಿ ಕೇಳಿದೆ:
"ಯಾರಿಗೆ ಏನು ಸಿಟ್ಟೈತಿ, ಈಗ ಹೇಳ್ರಿ."
ಯಾರೂ ಬಾಯಿ ಬಿಡಲಿಲ್ಲ. ಕಪ್ಪು ಆರಿತು.
ಕೊನೆಗೆ ಇಮಾಮಸಾಬ: ಫ್ಯಾನು ಕೆಟ್ಟು ಎರಡು ತಿಂಗಳಾತು.
ಸಾತೇರಿ: ಬೂಟು ಒಂದು ಅಳತಿ ಸಣ್ಣವು.
ಬಾಹುಬಲಿ ನೆಲ ನೋಡುತ್ತ,
"ನಿಮ್ಮ ಮ್ಯಾಲ," ಅಂದ.
"ಹೇಳು," ಅಂದೆ.
ಹೇಳಿದ. ಪೂರಾ ಹೇಳಿದ.
ಅರ್ಧ ನಿಜವಿತ್ತು, ಅರ್ಧಕ್ಕೆ ಕೈ ನಡುಗಿತು ನನಗೆ;
ನಡುಗುವ ಕೈಯಿಂದಲೇ ಕಡ್ಡಿ ತೆಗೆದು ಅವನಿಗೆ ಕೊಟ್ಟೆ.

ಆ ರಾತ್ರಿ ಹನ್ನೊಂದು ಹೋದವು.
ಮರುರಾತ್ರಿ ಹದಿನಾಲ್ಕು.
ವಾರ ಕಳೆದ ಮೇಲೆ ಐದು.
ಸೊನ್ನೆ ಇನ್ನೂ ಬಂದಿಲ್ಲ;
ಬಂದರೆ ಲೆಕ್ಕ ತಪ್ಪಿರಬೇಕು ಎಂದು
ಮತ್ತೊಮ್ಮೆ ಎಣಿಸುತ್ತೇನೆ, ಖಂಡಿತ.

ಹನ್ನೊಂದು ಹೋದ ಆ ಬೆಳಿಗ್ಗೆ
ಅನಗೋಳದ ತಿರುವಿನಲ್ಲಿ ಸ್ಕೂಟಿ ನಿಲ್ಲಿಸಿ
ಹೆಲ್ಮೆಟ್ಟಿನೊಳಗೇ ಅತ್ತೆ,
ಎಂಟು ವರ್ಷದ್ದು, ಸದ್ದು ಮಾಡಿ.
ಹಾಲಿನವನು ದಾಟಿ ಹೋದ, ನಾಯಿಯೊಂದು ನಿಂತು ನೋಡಿತು.
ಗಾಜು ಮುಸುಕಾಗಿ ರಸ್ತೆ ಕಾಣದಾಯಿತು.

ಗಾಜು ಎತ್ತಿದೆ.
ಚಳಿ ಇತ್ತು.