ಒಂದು ಮೀಟರ್ ಚೌಕ

ನಾಲ್ಕು ಬಿದಿರ ಕಡ್ಡಿ, ಮೂಲೆಗೆ ಬಿಗಿದ ನೈಲಾನ್ ದಾರ.
ಉದ್ದ ಒಂದು ಮೀಟರು, ಅಗಲ ಒಂದು ಮೀಟರು.
ಡಂಪಿನ ಕೆಂಪು ಮಣ್ಣ ಮೇಲೆ ಇದನ್ನಿಟ್ಟು
ಮೊಣಕಾಲೂರಿ ಕೂರುವುದು ನನ್ನ ಕೆಲಸ:
ಒಳಗೆ ಎಷ್ಟು ಜಾತಿ, ಎಣಿಸು.

ಜಾತಿ ಎಂದರೆ ಹುಲಿಗೆವ್ವ ನಗುತ್ತಾಳೆ.
"ಗಿಡಕ್ಕೂ ಕೇಳ್ತೀರೇನ್ರಿ ಅದನ್ನ?"

ಸಂಡೂರಿನ ಈ ಗುಡ್ಡಕ್ಕೆ ಒಮ್ಮೆ ಹೊಟ್ಟೆ ಇತ್ತು.
ಟಾರ್ಪಾಲು ಹೊದ್ದು ಲಾರಿಯೇರಿ ಹೋಯಿತು.
ಬೇಡವಾದ ಮಣ್ಣನ್ನು ಇಲ್ಲಿ ಸುರಿದು
ಹನ್ನೊಂದು ವರ್ಷದ ಹಿಂದೆ ಸಸಿ ನೆಟ್ಟರು.
ಬೋರ್ಡು ಹೇಳುತ್ತದೆ: ಬದುಕಿದ್ದು ನೂರಕ್ಕೆ ತೊಂಬತ್ತೆರಡು.
ಸುಳ್ಳಲ್ಲ.
ಆಕಾಶದಿಂದ ತೆಗೆದ ಚಿತ್ರದಲ್ಲೂ ಹಸಿರೇ.

ಮೊದಲ ಚೌಕ: ಅಕೇಶಿಯಾ.
ಎರಡನೆಯದು: ಅಕೇಶಿಯಾ, ಕೆಳಗೆ ಅದರದೇ ಒಣ ಎಲೆ,
ಎಲೆಯ ಕೆಳಗೆ ಎಲೆ,
ಬೆರಳು ತೂರಿಸಿದರೆ ಮತ್ತೂ ಎಲೆ.
ಮೂರರಿಂದ ಏಳರವರೆಗೆ ಹೆಸರೂ ಬರೆಯಲಿಲ್ಲ,
'ಮೇಲಿನಂತೆ' ಎಂದು ಎರಡು ಗೀಟು ಎಳೆಯುತ್ತ ಬಂದೆ.
"ಒಂದೇ ಜಾತೇರ ಓಣಿ," ಅಂದಳು ಹುಲಿಗೆವ್ವ,
"ಎಲ್ಲಾರ ಮನ್ಯಾಗೂ ಅದೇ ಸಾರು."

ನನ್ನ ಚೀಲದಲ್ಲಿ ಇನ್ನೊಂದು ಪಟ್ಟಿ ಇದೆ,
ಯಂತ್ರ ಹತ್ತದ ಆಚೆ ಕಣಿವೆಯದು:
ಕಮರ, ದಿಂಡಿಗ, ಕಾರೆ, ಕವಳೆ, ಬಾರೆ,
ಹುಲ್ಲೇ ಒಂಬತ್ತು ಬಗೆ, ಒಟ್ಟು ನಲವತ್ತಮೂರು.
ಅಲ್ಲಿದ್ದವರು ಇಲ್ಲಿಗೆ ಎಷ್ಟು ಜನ ಬಂದಿದ್ದಾರೆ,
ಕೇಳಬೇಕಾದ್ದು ಅಷ್ಟೇ.

ಕೆಳಗಿನ ಅಂಚಿನಲ್ಲಿ ಸಸಿ ಸತ್ತ ಜಾಗವಿದೆ,
ಬೋರ್ಡು ಬಾಯಿಬಿಡದ ಆ ಎಂಟು.
ಬೆಂಗಾಡು, ಬಿಡಿ, ಎಂದಿದ್ದ ಗಾರ್ಡ್ ಜಂಬಣ್ಣ.
ಹನ್ನೆರಡನೇ ಚೌಕ ಅಲ್ಲಿ ಬಿತ್ತು.

ಬಂದರಿಕೆ ಎರಡು. ತಂಗಡಿ. ಉತ್ತರಾಣಿ,
ಅದು ನನ್ನ ಪ್ಯಾಂಟಿಗೂ ಹತ್ತಿತು, ಎಣಿಸಲೋ ಬೇಡವೋ.
ಒಂದು ಹುಲ್ಲು, ಮತ್ತೊಂದು, ತೆನೆ ಬೇರೆ, ಹೌದು ಬೇರೆಯೇ.
ಕಲ್ಲು ತಬ್ಬಿದ ಸೊಗದೆ ಬಳ್ಳಿ.
ಒಣಗಿ ಕರಿಬಿದ್ದ ಒಂದು ಮುದ್ದೆಯಿಂದ
ಒತ್ತೊತ್ತಾಗಿ ಎದ್ದ ಮೂರು ಕವಳೆ ಮೊಳಕೆ.
"ಕರಡಿ ಹಿಕ್ಕೆ ಅದು. ಆಚೆ ತಿಂದು ಈಚೆ ನೆಟ್ಟೈತಿ,
ಕೂಲಿನೂ ಕೇಳಿಲ್ಲ ನೋಡ್ರಿ."

ಕೊನೆಗೆ ಎರಡೆಲೆಯ ಒಂದು, ನನ್ನ ಪುಸ್ತಕದಲ್ಲಿಲ್ಲ.
ಹುಲಿಗೆವ್ವ ತುದಿ ಚಿವುಟಿ ಜಗಿದಳು, ಉಗುಳಿದಳು.
"ಆಡು ತಿಂತಾವ. ಹೆಸರು ನಮ್ಮವ್ವಗ ಗೊತ್ತಿತ್ತು."

ಬರೆದೆ: ಹೆಸರು ತಿಳಿಯದ್ದು, ಒಂದು.
ಒಟ್ಟಿಗೆ ಕೂಡಿಸಿದೆ.
ಕಡ್ಡಿ ಎತ್ತಿಕೊಂಡು ಹೊರಟಾಗ
ಇಬ್ಬರೂ ಹಿಮ್ಮಡಿ ಎತ್ತಿ ನಡೆದೆವು.