ದಾಖಲೆಗೆ ಬೇಡ

ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಿಂದ
ವಾರಕ್ಕೊಂದು ಚೀಲ ಚೂರು ಬಟ್ಟೆ ತಂದು ಸುರಿಯುತ್ತೇನೆ
ವಿಶಾಲಾಕ್ಷಮ್ಮನ ಪಡಸಾಲೆಯಲ್ಲಿ.
ನಾನು ಜೇಬು ಹೊಲಿಯುವವಳು. ಎಡಜೇಬು ಮಾತ್ರ.
ಬಲಜೇಬಿನವಳು ಬೇರೆ.

ಕಾರ್ಮಿಕ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೊ ಆಗಿದ್ದವರು.
ಪೆನ್ಸಿಲ್ ಕೂತ ಬೆರಳಿನ ಗಂಟು ಇನ್ನೂ ಕರಗಿಲ್ಲ,
ಈಗ ಅದಕ್ಕೇ ಕೌದಿಯ ಸೂಜಿ ಆನಿಸುತ್ತಾರೆ.

'ನೋಡು, ತೆಳ್ಳನ ಗೆರಿ ಪ. ಅದೇ ಗೆರಿ ಒತ್ತಿದ್ರ ಬ.
ಸ್ವರಕ್ಕ ಚುಕ್ಕಿ. ಅವಸರ ಇದ್ರ ಚುಕ್ಕಿನೂ ಇಲ್ಲ.'
ಒಂದೆಳೆ ಪ, ಎರಡೆಳೆ ಬ.
ನೀಲಿ ಬಟ್ಟೆಯ ಮೇಲೆ ಬಿಳಿ ದಾರ:
ಕೊಕ್ಕೆ, ಕುಡುಗೋಲು, ಒಡೆದ ಬಳೆ.
ನನಗೆ ಕಾಣುವುದು ಇರುವೆ ಸಾಲು.

ಎಷ್ಟು ಮಾತು ಹಾದಿತ್ತು ಆ ಕೈಯಲ್ಲಿ!
ಮಾಲೀಕರದು, ಕೆಮ್ಮು ಕಳೆದು ಉಳಿದ ವಕೀಲರದು,
ಸಾಹೇಬರು ಹೇಳಿ, ತಿದ್ದಿ, ಮತ್ತೆ ಹೇಳಿದ್ದು.
ಎದೆಹಾಲು ಬಿಗಿದು ರವಿಕೆ ತೊಯ್ದ ಸಂಜೆಯೂ
ಟೈಪು ಮುಗಿಸಿಯೇ ಎದ್ದರಂತೆ.
ಹೇಳುವಾಗ ನಕ್ಕರು. ನಾನು ನಗಲಿಲ್ಲ.
ಟ್ರಂಕಿನ ತುಂಬ ಆ ನೋಟ್‌ಬುಕ್ಕು, ಓದುವವರಿಲ್ಲ.
ಕಿಲೋಗೆ ಹನ್ನೆರಡು ಅಂದ ರದ್ದಿಯವನು.

ಕೌದಿಯ ಅಂಚಿಗೆ ಮಾತ್ರ ಕೆಂಪು ದಾರ, ಅದಿರಿನ ಕೆಂಪು.
'ಇಲ್ಲೇನು ಬರದೀರಿ?'

'ಓಬಮ್ಮ ಅಂತ ಒಬ್ಬಾಕಿ. ಸಂಡೂರು ಕಡಿ ಗಣಿಯಾಗ ಪುಟ್ಟಿ ಹೊರಾಕಿ.
ಎಷ್ಟು ಹೊತ್ತಿ, ಲೆಕ್ಕ ಎಲ್ಲೈತಿ ಅಂದ್ರು ವಕೀಲರು.
ಆಕಿ ಸೆರಗು ತಗದು ಕಟಕಟಿ ಮ್ಯಾಲೆ ಹಾಸಿದಳು:
"ಹತ್ತು ಪುಟ್ಟಿಗೊಂದು ಗಂಟು ಹಾಕೀನ್ರಿ. ಎಣಿಸಿಕೊಳ್ರಿ."
ಕೋರ್ಟಿಗೆ ಕೋರ್ಟೇ ನಕ್ತು.
"ಇದು ದಾಖಲೆಗೆ ಬೇಡ" ಅಂದ್ರು ಸಾಹೇಬ್ರು.
ಅಷ್ಟರಾಗ ನನ್ನ ಕೈ ಬರದುಬಿಟ್ಟಿತ್ತು.
ಅಡ್ಡಗೆರಿ ಎಳದಾಕಿನೂ ನಾನೇ.'

ಸೂಜಿ ನಿಂತಿತು. ಫ್ಯಾನು ತಿರುಗುತ್ತಿತ್ತು.
ಹೊರಗೆ ಬಳ್ಳಾರಿ ಗುಡ್ಡ, ಒಂದೇ ಬಂಡೆ,
ಮಧ್ಯಾಹ್ನ ನುಂಗಿದ ಬಿಸಿಲನ್ನು ಊರ ಮೇಲೆ ಕಾರುತ್ತಿತ್ತು.

ನನ್ನ ಎಡಜೇಬುಗಳ ಲೆಕ್ಕ ಮೇಸ್ತ್ರಿಯ ಚೀಟಿಯಲ್ಲಿದೆ,
ಅವನ ಕೈಬರಹದಲ್ಲಿ.

ಕೌದಿ ಮಡಚುವಾಗ ಅಂಚನ್ನು ತಿರುವಿ ನೋಡಿದೆ.
ಮೇಲೆ ನನಗೆ ಬಾರದ ಅಕ್ಷರ,
ಅಡಿಯಲ್ಲಿ, ದಾರ ಮುಗಿದು ಮುಗಿದು ಕಟ್ಟಿದಲ್ಲೆಲ್ಲ, ಗಂಟು.
ಬೆರಳಿಟ್ಟು ಎಣಿಸಿದೆ.
ಐವತ್ತರ ಹತ್ತಿರ ಲೆಕ್ಕ ತಪ್ಪಿತು.
ವಿಶಾಲಾಕ್ಷಮ್ಮ ದೀಪ ಹಾಕಿದರು.
ಮತ್ತೆ ಮೊದಲಿಂದ.