ಅರವತ್ಮೂರೋ ಅರವತ್ನಾಲ್ಕೋ

ಮುಳಗುಂದ ನಾಕಾದಾಗ ಇಳಿದು
ಪಂಕ್ಚರ್ ಅಂಗಡಿ ಬಾಜೂಕ ತಗ್ಗಿಗೆ ಹೋದ್ರ
ಒಂದ ಖೋಲಿ. ಬೋರ್ಡಿನಾಗ ಮೊದಲ ಅಕ್ಷರ ಹೋಗೇತಿ:
‘ಟರ್ ವೈಂಡಿಂಗ್ ವರ್ಕ್ಸ್’.
ಆ ‘ಮೋ’ ಬರಸೂದು ಬರೂ ದೀಪಾವಳಿಗೆ ಅಂತ
ಖತಾಲಸಾಬ್ರು ಒಂಬತ್ತು ದೀಪಾವಳಿಯಿಂದ ಹೇಳಾಕತ್ತಾರ.

ಐಟಿಐ ಸರ್ಟಿಫಿಕೇಟು ಲ್ಯಾಮಿನೇಟ್ ಮಾಡಿಸಿ ಒಯ್ದಿದ್ದೆ.
ಬೆಳಕಿಗೆ ಹಿಡದು ನೋಡಿದ್ರು.
“ಛಲೋ ಐತಿ, ನೀರು ಬಿದ್ರೂ ನೆನೆಯಂಗಿಲ್ಲ”
ಅಂದು ಕೈಯಾಗ ಉಳಿ ಕೊಟ್ರು.
ಹೆಸರು ಕೇಳಲಿಲ್ಲ, ಊರು ಕೇಳಿದ್ರು.
ಅವತ್ತಿಂದ ನಾನು ‘ಏ ಕಳಸಾಪುರ’,
ನನಗಿಂತ ಮೊದಲ ಬಂದ ಹುಡುಗ ‘ನಾಗಾವಿ’.

ನಾಕು ತಿಂಗಳು ಹೊಸಾ ತಂತಿ ಮುಟ್ಟಾಕ ಬಿಡಲಿಲ್ಲ.
ಸುಟ್ಟದ್ದ ನನ್ನ ಪಾಲು.
ಬೋರಿನ ಮೋಟರು, ಹಿಟ್ಟಿನ ಗಿರಣಿ ಮೋಟರು,
ಮದುವಿ ಹಾಲಿನ ಗ್ರೈಂಡರು,
ಅದರ ಹೊಟ್ಟ್ಯಾಗ ಯಾರದೋ ಮದುವಿಯ ಅಕ್ಕಿ.
ಉಳಿಲೆ ಒಂದು ಕಡೆ ಕಡೀಬೇಕು,
ಕರ್ರಗಾದ ಸಿಂಬಿ ಎಳೀಬೇಕು,
ಕಡದ ತುದಿ ಒಂದೊಂದ ಬೆರಳಿಗೆ ಹಚ್ಚಿ ಎಣಸಬೇಕು.
“ಸುಟ್ಟದ್ದನ್ನ ಕೇಳದ ಹೊಸದು ಸುತ್ತಬ್ಯಾಡ.”
ಸಾಬ್ರ ಪಾಠ ಇಷ್ಟ. ಉಳಿದದ್ದು ಚಾ.

ಒಂದಿನ ಬೆಟಗೇರಿಯಿಂದ ಬಂತು
ಖಾರ ಕುಟ್ಟೂ ಮಷೀನಿನ ಮೋಟರು.
ಗಾಡ್ಯಾಗಿಂದ ಇಳಸಾಕ ಹೋದ ನಾಗಾವಿ ಸೀತ.
ಚಾ ತಂದ ಹುಡುಗ ಸೀತ.
ನಾನು ಸಿಂಬಿ ಎಳದು ಎಣಸಾಕತ್ತೆ,
ಐವತ್ತು ದಾಟಿತು, ಅರವತ್ತು ದಾಟಿತು, ಆಮ್ಯಾಲ
ಆಕ್ಷೀ!
ಅರವತ್ಮೂರೋ? ಅರವತ್ನಾಲ್ಕೋ?
ಕಣ್ಣಾಗ ನೀರು, ಮೂಗಿನಾಗ ಬ್ಯಾಡಗಿ.
ಡೈರ್ಯಾಗ ಬರದೆ: 63.
ತಿದ್ದಿ ಬರದಿದ್ರ ಅನುಮಾನ ಬರ್ತಿತ್ತು.
ಒಂದ ಸಲ ಬರದೆ, ದಪ್ಪಗ.

ಆ ಮೋಟರನ್ನ ನನಗ ಸುತ್ತಾಕ ಕೊಟ್ರು. ಅದನ್ನ ಕೊಡಬೇಕ!
ಕಟಿಗಿ ಫಾರ್ಮಾ, ಹಳದಿ ಕಾಗದ, ಬಿದಿರು ಚಕ್ಕಿ,
ಹೊಸಾ ತಾಮ್ರ ಬೆರಳಾಗ ಬಿಸಿಲಿನಂಗ ಹರೀತು.
ಕಟ್ಟಿ, ಜೋಡಿಸಿ, ಕರೆಂಟು ಕೊಟ್ಟೆ:
ಗುಂಯ್ ಅಂತು. ತಿರಗಿತು.
ನಾಗಾವಿ ಸೀಟಿ ಹೊಡದ.

ಸಾಬ್ರು ಜ್ವರ ನೋಡಿದಂಗ
ಅದರ ಮೈಮ್ಯಾಲ ಅಂಗೈ ಇಟ್ರು, ತಗೀಲಿಲ್ಲ.
“ಎಷ್ಟು?”
“ಅರವತ್ಮೂರ್ರೀ.”
“ಎರಡು ಸಲ ಎಣಿಸಿದಿ?”
ಬೀದ್ಯಾಗ ಒಂದು ಟಂಟಂ ಹೋತು, ಅದನ್ನ ನೋಡಿದೆ.
“ತಿರಗಾಕತ್ತೇತಲ್ರೀ” ಅಂದೆ.
“ತಿರಗತೈತಿ. ತಿರಗತೈತಿ ಅಂತನ ತೊಂದ್ರಿ.”

ಮೋಡಕಾ ಚೀಲದಾಗ ಕೈ ಹಾಕಿ
ಆ ಸುಟ್ಟ ಸಿಂಬಿ ಹುಡುಕಿದೆ,
ಓಢಣಿ ಮೂಗಿಗೆ ಕಟಗೊಂಡು ಎಣಿಸಿದೆ.
ಬೆನ್ನ ಮಾಡಿ ಕುಂತು ನಾಗಾವಿನೂ ಎಣಿಸಿದ.
ಅರವತ್ನಾಲ್ಕು.
ಅರವತ್ನಾಲ್ಕು.
ಮೋಟರಿನ ಮಾಲಕ ಬಂದು ಬಾಯಿ ಮಾಡಿದ,
“ನಾಳೆ ಹದಿನೆಂಟು ಚೀಲ ಕುಟ್ಟೂದೈತಿ, ಯಾರು ಕುಟ್ತೀರಿ?”
ಸಾಬ್ರು “ನಾ ತಪ್ಪಿದೆ” ಅಂದ್ರು. ‘ನಾವು’ ಅನ್ನಲಿಲ್ಲ.
ಕಡದು ಒಗದ ಹೊಸಾ ತಾಮ್ರದ ರೊಕ್ಕ
ನನ್ನ ಪಗಾರದಾಗ ಹಿಡೀಲಿಲ್ಲ.
ಹಿಡದಿದ್ರ ಛಲೋ ಇತ್ತು.

ಎರಡನೇ ಸಲ ಸುತ್ತೂದು ಮುಗಿಯೂದ್ರಾಗ ಸಂಜಿ ಆಗಿತ್ತು.
ವಾರ್ನಿಶು ಹೊಯ್ದು, ಹೊಟ್ಟಿಯೊಳಗ ನೂರು ವ್ಯಾಟಿನ ಬಲ್ಬು ಇಟ್ಟು
ರಾತ್ರಿ ಒಣಗಾಕ ಬಿಟ್ವಿ.
ಬಸ್ಸಿಗೆ ಓಡೂ ಮುಂದ ತಿರುಗಿ ನೋಡಿದೆ,
ಖೋಲ್ಯಾಗ ಅದೊಂದ ಬೆಳಕು, ಕಬ್ಬಿಣದ ಸುತ್ತ.

ಮನ್ಯಾಗ ಅವ್ವ ಖಾನಾವಳಿಗೆ ಕೊಡೂ
ಕಟಿರೊಟ್ಟಿ ಎಣಸಾಕತ್ತಿದ್ಲು.
“ಇವತ್ತೇನ ಕಲತಿ?”
“ಎಣಸೂದು.”
“ಅದು ಎರಡನೇತ್ತಾಗ ಬರ್ತಿತ್ತಲ್ಲ ನಿನಗ!”
ಅಂದ್ಲು, ಅಂದು ಸುಮ್ಮನಾದ್ಲು.
ರೊಟ್ಟಿ ನೋಡಿದ್ಲು, ನನ್ನ ನೋಡಿದ್ಲು.
ಲೆಕ್ಕ ತಪ್ಪಿತ್ತು.

ಕೈ ತೊಳಕೊಂಡು ಬಂದು ಎದುರಿಗೆ ಕುಂತೆ.
ಇಬ್ಬರೂ ಮೊದಲಿಂದ:
ಲಾಭ, ಎರಡು, ಮೂರು…